ಯಿಗಾಲ್ ಎರ್ಲಿಖ್: ಸರ್ಕಾರಿ ಹಣದಿಂದ ಖಾಸಗಿ ಬಂಡವಾಳ ಬೆಳೆಸಿದ ಅಧಿಕಾರಿ

ಇಸ್ರೇಲ್‌ನ ವೆಂಚರ್ ಬಂಡವಾಳ (ಹೊಸ ಕಂಪನಿಗಳಲ್ಲಿ ಪಾಲು ಪಡೆದು ಹೂಡುವ ಹಣ) ಉದ್ಯಮಕ್ಕೆ ಅಡಿಪಾಯ ಹಾಕಿದವರಲ್ಲಿ ಯಿಗಾಲ್ ಎರ್ಲಿಖ್ ಪ್ರಮುಖರು. 1984ರಿಂದ 1992ರವರೆಗೆ ಅಲ್ಲಿನ ಕೈಗಾರಿಕೆ ಮತ್ತು ವ್ಯಾಪಾರ ಸಚಿವಾಲಯದಲ್ಲಿ ಮುಖ್ಯ ವಿಜ್ಞಾನಿಯಾಗಿದ್ದ ಅವರು, 1993ರಲ್ಲಿ ‘ಯೋಜ್ಮಾ’ ಎಂಬ ಸರ್ಕಾರಿ ನಿಧಿಯನ್ನು ಕಟ್ಟಿ ಮುನ್ನಡೆಸಿದರು. 10 ಕೋಟಿ ಡಾಲರ್‌ಗಳ ಈ ನಿಧಿಯನ್ನು ಸರ್ಕಾರಗಳು ಇಂದಿಗೂ ಅಧ್ಯಯನ ಮಾಡುತ್ತವೆ. ಅದು ಹಂಚಿದ ಹಣದ ಮೊತ್ತಕ್ಕಿಂತ, ಆ ಹಣ ಹಿಂದಕ್ಕೆ ಬರಲು ಮಾಡಿದ್ದ ಏರ್ಪಾಡೇ ಇದಕ್ಕೆ ಕಾರಣ.

ಮುಖ್ಯ ವಿಜ್ಞಾನಿಯ ಕಚೇರಿ

ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನೂ ವ್ಯವಹಾರ ನಿರ್ವಹಣೆಯನ್ನೂ ಓದಿದ ಎರ್ಲಿಖ್ ವಹಿಸಿಕೊಂಡ ಹುದ್ದೆಯ ಹೆಸರಿನಲ್ಲಿ ವಿಜ್ಞಾನವಿದ್ದರೂ ಅದರ ಕೆಲಸ ಕೈಗಾರಿಕೆಗೆ ಸಂಬಂಧಿಸಿದ್ದು. 1969ರಲ್ಲಿ ಆರಂಭವಾದ ಆ ಕಚೇರಿ, ಕಂಪನಿಗಳ ಸಂಶೋಧನಾ ವೆಚ್ಚದಲ್ಲಿ ಒಂದು ಪಾಲನ್ನು ಅನುದಾನವಾಗಿ ಕೊಡುತ್ತಿತ್ತು. ಸರಕು ಮಾರಾಟವಾದರೆ ಕಂಪನಿ ರಾಯಧನದ ಮೂಲಕ ಅದನ್ನು ತೀರಿಸಬೇಕು. ಯೋಜನೆ ವಿಫಲವಾದರೆ ತೀರಿಸುವ ಹೊಣೆ ಇಲ್ಲ.

ಎರ್ಲಿಖ್ ಅವರ ಅವಧಿಯಲ್ಲಿ ಎರಡು ಘಟನೆಗಳು ಈ ವ್ಯವಸ್ಥೆಯ ಮೇಲೆ ಒತ್ತಡ ತಂದವು. 1987ರ ಆಗಸ್ಟ್‌ನಲ್ಲಿ ‘ಲಾವಿ’ ಯುದ್ಧವಿಮಾನದ ಯೋಜನೆ ರದ್ದಾಗಿ, ನುರಿತ ಎಂಜಿನಿಯರುಗಳು ಬೇರೆ ಕೆಲಸ ಹುಡುಕಬೇಕಾಯಿತು. ಅದರ ಬೆನ್ನಿಗೇ ಸೋವಿಯತ್ ಒಕ್ಕೂಟದಿಂದ ಲಕ್ಷಾಂತರ ಯೆಹೂದಿಗಳು ವಲಸೆ ಬಂದರು. ಅವರಲ್ಲಿ ವಿಜ್ಞಾನಿಗಳೂ ತಂತ್ರಜ್ಞರೂ ದೊಡ್ಡ ಸಂಖ್ಯೆಯಲ್ಲಿದ್ದರು. 1991ರಲ್ಲಿ ತಂತ್ರಜ್ಞಾನ ಇನ್‌ಕ್ಯುಬೇಟರ್ ಯೋಜನೆ ಶುರುವಾಯಿತು. ಕಂಪನಿ ನಡೆಸಿ ಗೊತ್ತಿಲ್ಲದ ಸಂಶೋಧಕರಿಗೆ ಅದು ಜಾಗ, ಮಾರ್ಗದರ್ಶನ ಮತ್ತು ಸುಮಾರು ಎರಡು ವರ್ಷದ ಖರ್ಚನ್ನು ಒದಗಿಸುತ್ತಿತ್ತು.

ಇಷ್ಟಾದರೂ ಕೊರತೆಯೊಂದು ಉಳಿದಿತ್ತು. ಅನುದಾನದಿಂದ ಸರಕು ತಯಾರಾಗುತ್ತಿತ್ತು, ಆದರೆ ಅದನ್ನು ಅಮೆರಿಕದ ಮಾರುಕಟ್ಟೆಗೆ ಒಯ್ದು ಮಾರುವ ಹಣವಾಗಲಿ ಅನುಭವವಾಗಲಿ ಸಣ್ಣ ಕಂಪನಿಗಳಿಗೆ ಇರಲಿಲ್ಲ. ಅವುಗಳ ಪಾಲುದಾರರಾಗಿ ನಿಲ್ಲಬಲ್ಲ ವೆಂಚರ್ ನಿಧಿಗಳು ದೇಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ನಷ್ಟಕ್ಕೆ ವಿಮೆ: ‘ಇನ್‌ಬಾಲ್’

ಸರ್ಕಾರದ ಮೊದಲ ಉತ್ತರ 1992ರ ‘ಇನ್‌ಬಾಲ್’ ಯೋಜನೆ. ಟೆಲ್ ಅವೀವ್ ಷೇರುಪೇಟೆಯಲ್ಲಿ ನೋಂದಾಯಿತವಾಗುವ ವೆಂಚರ್ ನಿಧಿಗಳ ಬಂಡವಾಳದಲ್ಲಿ ಶೇ 70ರಷ್ಟಕ್ಕೆ ಸರ್ಕಾರಿ ವಿಮಾ ಕಂಪನಿಯೊಂದು ಖಾತರಿ ಕೊಟ್ಟಿತು. ನಾಲ್ಕು ನಿಧಿಗಳು ಹುಟ್ಟಿದರೂ ಯಾವುದೂ ಹೆಸರು ಮಾಡಲಿಲ್ಲ. ನಷ್ಟವನ್ನು ಬೇರೊಬ್ಬರು ಭರಿಸುವಾಗ ಕಂಪನಿಗಳನ್ನು ಅಳೆದು ತೂಗಿ ಆರಿಸುವ ಒತ್ತಾಯ ಹೂಡಿಕೆದಾರರ ಮೇಲೆ ಬೀಳುವುದಿಲ್ಲ. ನಷ್ಟದ ಶೇ 75ರವರೆಗೆ ತುಂಬಿಕೊಡುವ ಭರವಸೆಯೊಂದಿಗೆ 1975ರಲ್ಲಿ ಪಶ್ಚಿಮ ಜರ್ಮನಿ ಆರಂಭಿಸಿದ್ದ ಸಂಸ್ಥೆಯೂ ಹೀಗೆಯೇ ಸೋತಿತ್ತು.

ಲಾಭಕ್ಕೆ ಪ್ರೋತ್ಸಾಹ: ‘ಯೋಜ್ಮಾ’

ಯೋಜ್ಮಾ ಈ ಲೆಕ್ಕವನ್ನು ತಿರುಗಿಸಿತು. ಅದರ 10 ಕೋಟಿ ಡಾಲರ್‌ನಲ್ಲಿ 8 ಕೋಟಿ ಹತ್ತು ಖಾಸಗಿ ನಿಧಿಗಳಿಗೆ ಮೀಸಲಾಯಿತು. ಉಳಿದ 2 ಕೋಟಿಯನ್ನು ನೇರವಾಗಿ ಕಂಪನಿಗಳಲ್ಲಿ ಹೂಡಲು ಇಟ್ಟುಕೊಳ್ಳಲಾಯಿತು. ಪ್ರತಿ ನಿಧಿಗೆ ಸರ್ಕಾರದಿಂದ ಸುಮಾರು 80 ಲಕ್ಷ ಡಾಲರ್, ಅಂದರೆ ಶೇ 40ರಷ್ಟು. ಉಳಿದ ಶೇ 60ನ್ನು ಖಾಸಗಿಯವರೇ ತರಬೇಕು. ಜೊತೆಗೆ ಇಸ್ರೇಲ್‌ನ ಒಂದು ಹಣಕಾಸು ಸಂಸ್ಥೆಯೂ ಅನುಭವವುಳ್ಳ ಒಂದು ವಿದೇಶಿ ಹೂಡಿಕೆ ಸಂಸ್ಥೆಯೂ ಪಾಲುದಾರರಾಗಿರಬೇಕು. ಹಣಕ್ಕಿಂತ ಹೆಚ್ಚಾಗಿ ಹೂಡಿಕೆಯ ಕಸುಬೂ ಹೊರದೇಶದ ಸಂಪರ್ಕವೂ ಬೇಕಾಗಿದ್ದರಿಂದ ಈ ಷರತ್ತು.

ನಷ್ಟಕ್ಕೆ ಯಾವ ವಿಮೆಯೂ ಇರಲಿಲ್ಲ. ಬದಲಿಗೆ, ಐದು ವರ್ಷದೊಳಗೆ ಸರ್ಕಾರದ ಪಾಲನ್ನು ಅಸಲು ಮತ್ತು ಬಡ್ಡಿಯ ಲೆಕ್ಕದಲ್ಲಿ ಕೊಂಡುಕೊಳ್ಳುವ ಹಕ್ಕು ಪಾಲುದಾರರಿಗಿತ್ತು. 2 ಕೋಟಿ ಡಾಲರ್‌ನ ನಿಧಿಯೊಂದು 4 ಕೋಟಿಗೆ ಬೆಳೆಯಿತೆನ್ನೋಣ. ಬಡ್ಡಿಯನ್ನು ಬದಿಗಿಟ್ಟರೆ, ಪಾಲುದಾರರು ಸರ್ಕಾರಕ್ಕೆ 80 ಲಕ್ಷ ಹಿಂದಿರುಗಿಸಿ 3.2 ಕೋಟಿ ಉಳಿಸಿಕೊಳ್ಳಬಹುದು. ಈ ಹಕ್ಕು ಇಲ್ಲದಿದ್ದರೆ ಅವರಿಗೆ ಸಿಗುತ್ತಿದ್ದುದು 2.4 ಕೋಟಿ. ನಿಧಿ ಮುಳುಗಿದರೆ ಅವರ ಹಣವೂ ಮುಳುಗುತ್ತದೆ. ಹೀಗಾಗಿ ಗೆಲ್ಲುವ ನಂಬಿಕೆಯುಳ್ಳವರಷ್ಟೇ ಮುಂದೆ ಬಂದರು.

ಮೊದಲ ನಿಧಿ ‘ಜೆಮಿನಿ’ 1993ರಲ್ಲಿ ಬಾಸ್ಟನ್ನಿನ ಅಡ್ವೆಂಟ್ ಸಂಸ್ಥೆಯ ಸಹಭಾಗಿತ್ವದಲ್ಲಿ ಆರಂಭವಾಯಿತು. ಅದನ್ನು ಮುನ್ನಡೆಸಿದವರು ಅಮೆರಿಕ–ಇಸ್ರೇಲ್ ಜಂಟಿ ಸಂಶೋಧನಾ ಪ್ರತಿಷ್ಠಾನದ ಮುಖ್ಯಸ್ಥರಾಗಿದ್ದ ಎಡ್ ಮ್ಲಾವ್ಸ್ಕಿ. ಮುಂದೆ ‘ಪಿಟಾಂಗೊ’ ಎಂದು ಹೆಸರಾದ ‘ಪೊಲಾರಿಸ್’ ಹಾಗೂ ಎರೆಲ್ ಮಾರ್ಗಲಿತ್ ಅವರ ‘ಜೆವಿಪಿ’ಯ ಮೂಲವೂ ಈ ಹತ್ತರಲ್ಲೇ ಇದೆ.

ಸರ್ಕಾರದ ನಿರ್ಗಮನ

ಹತ್ತರಲ್ಲಿ ಎಂಟು ನಿಧಿಗಳು ಸರ್ಕಾರದ ಪಾಲನ್ನು ಕೊಂಡುಕೊಂಡವು. 1990ರ ದಶಕ ಮುಗಿಯುವ ಮುನ್ನವೇ ಯೋಜ್ಮಾ ಖಾಸಗೀಕರಣಗೊಂಡಿತು. ಎರ್ಲಿಖ್ ಅದೇ ಹೆಸರಿನ ಖಾಸಗಿ ನಿಧಿಯ ಮುಖ್ಯಸ್ಥರಾಗಿ ಹೂಡಿಕೆ ಮುಂದುವರಿಸಿದರು.

ಈ ಯಶಸ್ಸಿನ ಶ್ರೇಯವೆಲ್ಲ ಒಂದು ಯೋಜನೆಗೆ, ಒಬ್ಬ ಅಧಿಕಾರಿಗೆ ಸಲ್ಲದು. ಸೇನೆಯಲ್ಲಿ ಬೆಳೆದ ತಂತ್ರಜ್ಞಾನ, ವಲಸೆ ಬಂದ ಪ್ರತಿಭೆ, ಪ್ಯಾಲೆಸ್ಟೀನಿಯರೊಂದಿಗಿನ 1993ರ ಓಸ್ಲೊ ಶಾಂತಿ ಒಪ್ಪಂದದ ನಂತರದ ವಿಶ್ವಾಸ, ಅಮೆರಿಕದ ನ್ಯಾಸ್‌ಡ್ಯಾಕ್ ಪೇಟೆಯ ಏರಿಕೆ ಎಲ್ಲವೂ ಆ ದಶಕದಲ್ಲಿ ಕೂಡಿಬಂದವು. ಎರಡು ದಶಕಗಳ ಅನುದಾನದಿಂದ ಹೂಡಿಕೆಗೆ ತಕ್ಕ ಕಂಪನಿಗಳೂ ಸಿದ್ಧವಾಗಿದ್ದವು.

ಇತರ ದೇಶಗಳಲ್ಲಿ

ನ್ಯೂಜಿಲೆಂಡ್ ತನ್ನ ಸರ್ಕಾರಿ ವೆಂಚರ್ ನಿಧಿಯಲ್ಲಿ ಪಾಲು ಕೊಳ್ಳುವ ಹಕ್ಕನ್ನು ಅಳವಡಿಸಿಕೊಂಡಿತು. ದಕ್ಷಿಣ ಕೊರಿಯಾ 2005ರಲ್ಲಿ ನಿಧಿಗಳಿಗೆ ಹಣ ನೀಡುವ ನಿಧಿಯನ್ನು ತೆರೆಯಿತು. ಭಾರತದಲ್ಲಿ 1988ರಲ್ಲೇ ಐಸಿಐಸಿಐ ಮತ್ತು ಯುಟಿಐ ಸೇರಿ ಬೆಂಗಳೂರಿನಲ್ಲಿ ‘ಟಿಡಿಐಸಿಐ’ ಎಂಬ ವೆಂಚರ್ ಸಂಸ್ಥೆ ಸ್ಥಾಪಿಸಿದ್ದವು. ಯೋಜ್ಮಾದ ಮಾದರಿಗೆ ಹತ್ತಿರವಾದದ್ದು 2016ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ 10,000 ಕೋಟಿ ರೂಪಾಯಿಯ ನವೋದ್ಯಮ ನಿಧಿ. ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ ಆದ ಸಿಡ್ಬಿ ಇದನ್ನು ನೇರವಾಗಿ ಕಂಪನಿಗಳಿಗೆ ಕೊಡದೆ, ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತವಾದ ಖಾಸಗಿ ನಿಧಿಗಳಿಗೆ ಕೊಡುತ್ತದೆ. ಪಡೆದ ಮೊತ್ತದ ಕನಿಷ್ಠ ಎರಡರಷ್ಟನ್ನು ಅವು ನವೋದ್ಯಮಗಳಲ್ಲಿ ಹೂಡಬೇಕು.