‘ನಾಳೆ ನೋಡೋಣ’: ಮುಖರ್ಜಿ ನಗರದಲ್ಲಿ ಎರಡು ದಿನದ ಬೇಸಿಗೆ ರಜೆ



ದೆಹಲಿಯ ಬೇಸಿಗೆ ಅಂದರೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಹತ್ತು ಗಂಟೆಗೆಲ್ಲ ಬೀದಿ ಖಾಲಿ, ಮಧ್ಯಾಹ್ನ ‘ಲೂ’ ಬಿಸಿಗಾಳಿ, ಸಂಜೆ ಕೂಲರಿಗೆ ನೀರು ತುಂಬುವ ಕೆಲಸ. ಇಂಥ ದಿನಗಳಲ್ಲಿ ಶನಿವಾರ, ಭಾನುವಾರ ಬಂದರೆ ಏನು ಮಾಡುವುದು? ನಮ್ಮ ಸಲಹೆ ಸುಲಭ. ಬೆಳಿಗ್ಗೆ ಒಂದಿಷ್ಟು ನಡೆಯಿರಿ, ಮಧ್ಯಾಹ್ನ ಒಂದಿಷ್ಟು ಅಡುಗೆ ಮಾಡಿ, ಮಿಕ್ಕ ಕೆಲಸಕ್ಕೆಲ್ಲ ‘ನಾಳೆ ನೋಡೋಣ’ ಅನ್ನಿ. ಸೋಮಾರಿಗಳ ಸಲಹೆ ಅಂತ ನಗಬೇಡಿ. ಈ ಮೂರಕ್ಕೂ ಒಂದೊಂದು ಇತಿಹಾಸವಿದೆ. ಅದನ್ನು ಹುಡುಕಿಕೊಂಡು ಈ ಸಲ ಉತ್ತರ ದೆಹಲಿಯ ಮುಖರ್ಜಿ ನಗರಕ್ಕೆ ಹೋಗಿ ಬರೋಣ.

ಮುಖರ್ಜಿ ನಗರ ಅಂದರೆ ಎಲ್ಲರಿಗೂ ನೆನಪಾಗುವುದು ಕೋಚಿಂಗ್ ಸೆಂಟರುಗಳು. ಸಿವಿಲ್ ಸರ್ವೀಸಸ್ ಪರೀಕ್ಷೆಯನ್ನು ಹಿಂದಿಯಲ್ಲಿ ಬರೆಯುವವರ ದೊಡ್ಡ ಕೇಂದ್ರವದು. ಬತ್ರಾ ಸಿನಿಮಾ ಮುಚ್ಚಿ ಎಷ್ಟೋ ಕಾಲವಾದರೂ ಆಟೋದವರ ಬಾಯಲ್ಲಿ ಆ ಜಾಗ ಇವತ್ತಿಗೂ ‘ಬತ್ರಾ’ನೇ. ಸುತ್ತ ಪುಸ್ತಕದಂಗಡಿ, ಜೆರಾಕ್ಸ್ ಅಂಗಡಿ, ಲೈಬ್ರರಿ, ಚಹಾದ ಗಾಡಿ, ಒಂದೊಂದು ಕೋಣೆಯಲ್ಲಿ ಇಬ್ಬರು ಮೂವರು ಹುಡುಗರು. ಈಚಿನ ವರ್ಷಗಳಲ್ಲಿ ಪ್ರಿಲಿಮ್ಸ್ ಬರುವುದೂ ಮೇ ಕೊನೆಗೋ ಜೂನ್‌ನಲ್ಲೋ, ಸರಿಯಾಗಿ ಬಿಸಿಲು ನೆತ್ತಿಗೇರಿದಾಗ. ಇಲ್ಲಿ ರಜೆಯ ಮಾತೆತ್ತಿದರೆ ಪಾಪ ಮಾಡಿದ ಹಾಗೆ.

ಆದರೆ ರಜೆ ಯಾರೂ ಪುಕ್ಕಟೆ ಕೊಟ್ಟ ದಾನವಲ್ಲ. ಭಾನುವಾರದ ರಜೆಗಾಗಿ ಮುಂಬಯಿಯ ಗಿರಣಿ ಕಾರ್ಮಿಕರು 1880ರ ದಶಕದಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಹೋರಾಡಿದರು. ಅದು ಸಿಕ್ಕಿದ್ದು 1890ರಲ್ಲಿ. ಆಳುವವರಿಗೆ ಮಾತ್ರ ಬೇಸಿಗೆಯ ವಿರಾಮ ಮೊದಲಿನಿಂದಲೂ ಇತ್ತು. 1864ರಿಂದಲೇ ಸರ್ಕಾರ ಪ್ರತಿ ಬೇಸಿಗೆಯಲ್ಲಿ ಕಡತ, ಗುಮಾಸ್ತರ ಸಮೇತ ಶಿಮ್ಲಾ ಬೆಟ್ಟ ಹತ್ತುತ್ತಿತ್ತು. ದೆಹಲಿಯ ಸಾಮಾನ್ಯ ಸರ್ಕಾರಿ ನೌಕರನಿಗೆ ಶನಿವಾರ, ಭಾನುವಾರ ಜೋಡಿಯಾಗಿ ಸಿಕ್ಕಿದ್ದು 1985ರ ಜೂನ್‌ನಲ್ಲಿ. ಕೇಂದ್ರ ಸರ್ಕಾರದ ಆಡಳಿತ ಕಚೇರಿಗಳಿಗೆ ವಾರಕ್ಕೆ ಐದು ದಿನದ ಕೆಲಸ ಜಾರಿಯಾದದ್ದು ಆಗ. ಕೇಂದ್ರ ಸರ್ಕಾರದ ನೌಕರಿಗೆಂದೇ ದೆಹಲಿಗೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಆ ಬೇಸಿಗೆ ನೆನಪಿರಬೇಕು. ಅಂದರೆ ನಮ್ಮ ‘ವೀಕೆಂಡ್’ ಹುಟ್ಟಿದ್ದೂ ಬೇಸಿಗೆಯಲ್ಲೇ.

ಶನಿವಾರ ಬೆಳಿಗ್ಗೆ: ನಡಿಗೆ

ಬೆಳಿಗ್ಗೆ ಐದೂವರೆಗೆ ಹೊರಟುಬಿಡಿ. ಮುಖರ್ಜಿ ನಗರದಿಂದ ಉತ್ತರಕ್ಕೆ ಬುರಾಡಿ ರಸ್ತೆಯ ಕಡೆ ಹೋದರೆ ಕಾರೊನೇಷನ್ ಪಾರ್ಕ್ ಸಿಗುತ್ತದೆ. 1877, 1903, 1911ರಲ್ಲಿ ಬ್ರಿಟಿಷರು ಮೂರು ದರ್ಬಾರು ನಡೆಸಿದ್ದು ಈ ಬಯಲಿನಲ್ಲೇ. ಕೊನೆಯ ದರ್ಬಾರಿಗೆ ಐದನೇ ಜಾರ್ಜ್ ದೊರೆಯೇ ಬಂದಿದ್ದ. ದೇಶದ ಅರಸರೆಲ್ಲ ಸೇರಿದ್ದರು, ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೂ ಇದ್ದರು. 1911ರ ಡಿಸೆಂಬರ್ 12ರಂದು ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುತ್ತದೆ ಎಂದು ದೊರೆ ಘೋಷಿಸಿದ. ಮೂರೇ ದಿನಕ್ಕೆ, 15ರಂದು, ಹೊಸ ನಗರದ ಶಂಕುಸ್ಥಾಪನೆಯೂ ಇಲ್ಲೇ ಪಕ್ಕದಲ್ಲಿ ಆಗಿಹೋಯಿತು.

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ನಮ್ಮ ಗಾದೆ ದೊರೆಗೆ ಯಾರೂ ಹೇಳಿರಲಿಲ್ಲವೋ ಏನೋ. ಮರುವರ್ಷ ಎಡ್ವಿನ್ ಲಟ್ಯೆನ್ಸ್ ಇದ್ದ ತಜ್ಞರ ಸಮಿತಿ ಬಂತು. ಅವರು ಆನೆಯ ಮೇಲೆ ಕೂತು, ದೆಹಲಿಯ ಸುತ್ತಮುತ್ತಲ ನೆಲವನ್ನೆಲ್ಲ ನಿಧಾನವಾಗಿ ಸುತ್ತಿ ನೋಡಿದರು. ಶಂಕುಸ್ಥಾಪನೆಯಾದ ಜಾಗ ತಗ್ಗು, ನದಿಯ ನೀರು ನುಗ್ಗುವ ಭಯ, ಮಲೇರಿಯಾ ಬೇರೆ. ಕಡೆಗೆ ಹೊಸ ದೆಹಲಿ ಎದ್ದದ್ದು ಅಲ್ಲಿಂದ ದೂರ, ದಕ್ಷಿಣದ ರೈಸಿನಾ ಗುಡ್ಡದಲ್ಲಿ. ಕಲ್ಲುಗಳೂ ಅಲ್ಲಿಗೇ ಹೋದವು. ನಗರದ ಉದ್ಘಾಟನೆಯಾಗುವ ಹೊತ್ತಿಗೆ 1931ನೇ ಇಸವಿ. ಮೂರು ದಿನದ ಆತುರಕ್ಕೆ ಇಪ್ಪತ್ತು ವರ್ಷದ ನಿಧಾನ ಉತ್ತರ ಕೊಟ್ಟಿತು.

ಹೆಸರುಗಳ ಕಥೆಯೂ ಮಜವಾಗಿದೆ. ಹೊಸ ದೆಹಲಿಯ ‘ಕಿಂಗ್ಸ್‌ವೇ’ ಸ್ವಾತಂತ್ರ್ಯದ ನಂತರ ರಾಜಪಥವಾಯಿತು, 2022ರಲ್ಲಿ ಕರ್ತವ್ಯ ಪಥವಾಯಿತು. ರಾಜಧಾನಿ ಬರದೇ ಹೋದ ಈ ಬಯಲಲ್ಲಿ ಮಾತ್ರ ಕಿಂಗ್ಸ್‌ವೇ ಕ್ಯಾಂಪ್ ಎಂಬ ಹೆಸರು ಉಳಿದುಕೊಂಡಿದೆ. ಇಂಡಿಯಾ ಗೇಟ್ ಬಳಿಯ ಮಂಟಪದಲ್ಲಿದ್ದ ಐದನೇ ಜಾರ್ಜ್‌ನ ಪ್ರತಿಮೆಯನ್ನು 1960ರ ದಶಕದಲ್ಲಿ ತೆಗೆದು ಇದೇ ಪಾರ್ಕಿಗೆ ತಂದು ನಿಲ್ಲಿಸಿದರು. ತಾನು ಕಲ್ಲು ಹಾಕಿದ ಊರಿಲ್ಲದ ಊರಿಗೆ ದೊರೆ ಹೀಗೆ ವಾಪಸು ಬಂದ.

ಉತ್ತರ ಬೇಡ, ನೆರಳು ಬೇಕು ಅನ್ನುವವರು ದಕ್ಷಿಣಕ್ಕೆ ನಡೆಯಿರಿ. ಮಾಲ್ ರೋಡ್ ದಾಟಿದರೆ ದೆಹಲಿ ವಿಶ್ವವಿದ್ಯಾಲಯ. ಅದರ ಕುಲಪತಿಗಳ ಕಚೇರಿ ಇರುವ ಬಿಳಿ ಕಟ್ಟಡ ಒಂದು ಕಾಲಕ್ಕೆ ವೈಸ್‌ರಾಯ್‌ಗೆಂದು ಗೊತ್ತುಮಾಡಿದ್ದ ತಾತ್ಕಾಲಿಕ ಮನೆ. ಸಿವಿಲ್ ಲೈನ್ಸ್‌ನಲ್ಲಿ 1912ರಲ್ಲಿ ತಾತ್ಕಾಲಿಕವೆಂದು ಕಟ್ಟಿದ ಸೆಕ್ರೆಟೇರಿಯೆಟ್ ಇಂದು ದೆಹಲಿ ವಿಧಾನಸಭೆ. ಈ ಸುತ್ತಿನಲ್ಲಿ ‘ಸದ್ಯಕ್ಕೆ’ ಎಂದು ಕಟ್ಟಿದ್ದೆಲ್ಲ ನೂರು ವರ್ಷ ನಿಂತಿದೆ.

ಮುಂದೆ ರಿಡ್ಜ್ ಕಾಡು. ಕೋತಿಗಳ ಕಡೆ ಗಮನವಿರಲಿ, ಕೈಯಲ್ಲಿ ಬಾಳೆಹಣ್ಣು ಬೇಡ. ಇನ್ನೂ ನಡೆದರೆ ಹಿಂದೂ ರಾವ್ ಆಸ್ಪತ್ರೆಯ ಬಳಿ ಅಶೋಕನ ಕಂಬವಿದೆ. ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅದನ್ನು ಮೀರತ್‌ನಿಂದ ತರಿಸಿದ. ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಮದ್ದುಗುಂಡಿನ ಸ್ಫೋಟದಿಂದ ಐದು ತುಂಡಾಯಿತು. ಜೋಡಿಸಿ ಮತ್ತೆ ನಿಲ್ಲಿಸಿದ್ದು 1867ರಲ್ಲಿ. ನಮಗೂ ಅಶೋಕನಿಗೂ ಒಂದು ನಂಟಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಇಂಥ ಶಾಸನಗಳ ಲಿಪಿಯನ್ನು ಓದಿದಾಗ ಕಲ್ಲಿನಲ್ಲಿ ಸಿಕ್ಕಿದ್ದು ‘ಪಿಯದಸಿ’ ಎಂಬ ಬಿರುದು ಮಾತ್ರ. ಅವನೇ ಅಶೋಕನೆಂದು ಸಿಂಹಳದ ಗ್ರಂಥಗಳ ನೆರವಿನಿಂದ ಗುರುತಿಸಿದ್ದರು. ‘ಅಶೋಕ’ ಎಂಬ ಹೆಸರೇ ಕಲ್ಲಿನ ಮೇಲೆ ಸಿಕ್ಕಿದ್ದು 78 ವರ್ಷದ ನಂತರ, 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಶನಿವಾರ ಮಧ್ಯಾಹ್ನ: ಅಡುಗೆ

ಬಿಸಿಲೇರುವ ಮುಂಚೆ ಮನೆಗೆ ಬನ್ನಿ. ದಾರಿಯಲ್ಲಿ ತರಕಾರಿ ತೆಗೆದುಕೊಳ್ಳಿ. ಮುಖರ್ಜಿ ನಗರಕ್ಕೆ ಆಜಾದ್‌ಪುರ ಮಂಡಿ ಹತ್ತಿರ. ದೇಶದ ಬಹು ದೊಡ್ಡ ಹಣ್ಣು ತರಕಾರಿ ಸಗಟು ಮಾರುಕಟ್ಟೆ ಅದು. ಬೇಸಿಗೆಯಲ್ಲಿ ಗಾಡಿ ತುಂಬ ಎಳೆ ಕಕಡಿ, ಕರಬೂಜ, ಹಸಿರು ಮಾವಿನಕಾಯಿ.

ಕರಬೂಜ ಕಂಡರೆ ಬಾಬರನ ನೆನಪಾಗಬೇಕು. ಹಿಂದೂಸ್ತಾನ ಗೆದ್ದರೂ ಅವನಿಗೆ ಇಲ್ಲಿನ ಸೆಕೆ, ಧೂಳು ಒಗ್ಗಲೇ ಇಲ್ಲ. 1529ರಲ್ಲಿ ಕಾಬೂಲಿನಲ್ಲಿದ್ದ ಗೆಳೆಯ ಖ್ವಾಜಾ ಕಲಾನ್‌ಗೆ ಬರೆದ ಕಾಗದದಲ್ಲಿ ಅವನು ಒಂದು ವಿಷಯ ಹೇಳಿಕೊಂಡಿದ್ದಾನೆ. ಯಾರೋ ಕರಬೂಜ ತಂದರಂತೆ, ಕೊಯ್ದು ತಿನ್ನುವಾಗ ಕಣ್ಣೀರು ಬಂತಂತೆ. ರಾಜ್ಯ ಗೆದ್ದವನಿಗೇ ಹೀಗಾದರೆ, ಬಾಡಿಗೆ ಕೋಣೆಯಲ್ಲಿ ಕೂತ ಧಾರವಾಡದ ಹುಡುಗನಿಗೆ, ಹಾಸನದ ಹುಡುಗಿಗೆ ಅಮ್ಮನ ಕೈಯಡುಗೆ ನೆನಪಾದರೆ ಅದರಲ್ಲಿ ನಾಚಿಕೆ ಏನಿದೆ?

ಈ ನೆಲಕ್ಕೆ ಆ ನೋವು ಹೊಸದೂ ಅಲ್ಲ. 1947ರಲ್ಲಿ ದೇಶ ಒಡೆದಾಗ ಕಿಂಗ್ಸ್‌ವೇ ಕ್ಯಾಂಪ್ ದೆಹಲಿಯ ಅತಿ ದೊಡ್ಡ ನಿರಾಶ್ರಿತರ ಶಿಬಿರವಾಯಿತು. ಪಶ್ಚಿಮ ಪಂಜಾಬಿನಲ್ಲಿ ಮನೆ, ಹೊಲ ಬಿಟ್ಟು ಬಂದವರು ಬ್ಯಾರಕ್ಕುಗಳಲ್ಲಿ, ಡೇರೆಗಳಲ್ಲಿ ಒಲೆ ಹೂಡಿದರು. ನಾಳೆ ವಾಪಸು ಹೋಗುತ್ತೇವೆ ಎಂದುಕೊಂಡು ಬಂದವರೆಷ್ಟೋ ಮಂದಿ ಇಲ್ಲೇ ಉಳಿದರು. ಔಟ್‌ರಾಂ ಲೈನ್ಸ್, ಹಡ್ಸನ್ ಲೈನ್ಸ್ ಎಂಬ ಹೆಸರುಗಳಲ್ಲಿ ಆ ‘ಲೈನು’ಗಳ ಗುರುತು ಇನ್ನೂ ಇದೆ. ಓಣಿಯ ತಂದೂರಿಗೆ ಮನೆ ಮನೆಯಿಂದ ಹಿಟ್ಟು ನಾದಿ ತಂದು, ಸರದಿಯಲ್ಲಿ ನಿಂತು ರೊಟ್ಟಿ ಸುಡಿಸಿಕೊಳ್ಳುವ ಪಂಜಾಬಿ ಪದ್ಧತಿ ದೆಹಲಿಗೆ ಅಂಥವರ ಜೊತೆಗೇ ಬಂತು. ಆ ಸರದಿಯಲ್ಲಿ ಹೊಟ್ಟೆಗೂ ಸಿಗುತ್ತಿತ್ತು, ಮಾತಿಗೂ ಜನ ಸಿಗುತ್ತಿದ್ದರು.

ಈಗ ನಮ್ಮ ಅಡುಗೆ. ಒಂದೇ ಒಲೆ ಇದ್ದರೂ ಆಗುವಂಥದ್ದು: ಮಲೆನಾಡು, ಉತ್ತರ ಕನ್ನಡದ ಅಪ್ಪೆಹುಳಿ. ಎರಡು ಹುಳಿ ಮಾವಿನಕಾಯಿ ಬೇಯಿಸಿ. ಆರಿದ ಮೇಲೆ ಸಿಪ್ಪೆ ತೆಗೆದು ತಿರುಳು ಕಿವುಚಿ, ನೀರು ಸೇರಿಸಿ ತೆಳ್ಳಗೆ ಮಾಡಿ. ಉಪ್ಪು, ಸೀಳಿದ ಹಸಿಮೆಣಸು, ಬೇಕಿದ್ದರೆ ಚೂರು ಬೆಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಧಾರಾಳವಾಗಿ ಇಂಗು ಹಾಕಿ ಒಗ್ಗರಣೆ. ಅಷ್ಟೇ. ಅಪ್ಪೆಮಿಡಿ ಇಲ್ಲ ಅಂತ ಕೊರಗಬೇಡಿ, ಇಲ್ಲಿನ ಮಾವಿನಕಾಯಿಯೇ ಸಾಕು. ಪಕ್ಕದ ಮನೆಯವರು ಇದೇ ಕಾಯಿಗೆ ಪುದಿನ, ಹುರಿದ ಜೀರಿಗೆ, ಕಾಲಾ ನಮಕ್ ಹಾಕಿ ‘ಆಮ್ ಪನ್ನಾ’ ಅನ್ನುತ್ತಾರೆ. ಒಂದು ಲೋಟ ಕೊಟ್ಟು ಒಂದು ಲೋಟ ತನ್ನಿ. ಅನ್ನಕ್ಕೆ ಕಲಸಿಕೊಂಡು, ಮಿಕ್ಕಿದ್ದನ್ನು ಕುಡಿದರೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ಹಿರಿಯರ ಮಾತು. ಬಂದರೆ ತಡೆಯಬೇಡಿ.

ಭಾನುವಾರ: ‘ನಾಳೆ ನೋಡೋಣ’

‘ನಾಳೆ ಎಂದವನ ಮನೆ ಹಾಳು’ ಎಂದು ಗಾದೆ ಇದೆ, ನಿಜ. ‘ನಿಧಾನವೇ ಪ್ರಧಾನ’ ಎಂಬುದೂ ನಮ್ಮದೇ. ಕರ್ನಾಟಕದಲ್ಲಿ ಕೆಲವು ದಶಕಗಳ ಹಿಂದೆ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮ್ಮಲ್ಲಿ ಹಲವರು ನೋಡಿರಬೇಕು. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದಂತೆ, ಮರುದಿನ ಬಂದರೆ ಮತ್ತೆ ಅದೇ ಬರಹ! 2018ರ ಹಿಂದಿ ಸಿನಿಮಾ ‘ಸ್ತ್ರೀ’ಯಲ್ಲೂ ಇಂಥದೇ ಉಪಾಯವಿದೆ. ಭಾನುವಾರದ ಮಟ್ಟಿಗೆ ಕಚೇರಿಯ ಕೆಲಸಕ್ಕೂ ಇದೇ ಮಂತ್ರ ಹೇಳಬಹುದು.

ಮುಖ್ಯ ಕೆಲಸ ಪಕ್ಕಕ್ಕಿಟ್ಟು ಕೈಯಾಡಿಸಿದ್ದೇ ಮುಂದೆ ದೊಡ್ಡದಾದ ಉದಾಹರಣೆಗೆ ರೇಡಿಯೋ ಕೇಳುವ ನಾವು ದೂರ ಹೋಗಬೇಕಿಲ್ಲ. ಕಿಂಗ್ಸ್‌ವೇ ಕ್ಯಾಂಪಿನ ಬಳಿಯೇ ರೇಡಿಯೋ ಕಾಲೊನಿ ಇದೆ, ಆಕಾಶವಾಣಿಯ ಹೆಸರಿನ ಜೊತೆ ಬೆಳೆದ ಬಡಾವಣೆ. ಆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಮೈಸೂರಿನಿಂದ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಅದು ಅವರ ನೌಕರಿಯ ಭಾಗವಲ್ಲ, ಪರೀಕ್ಷೆಗೆ ಬರುವ ವಿಷಯವೂ ಅಲ್ಲ. ಆ ಮನೆಯ ಹವ್ಯಾಸದ ಹೆಸರನ್ನು 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು.

ಹಾಗಂತ ಎಲ್ಲ ಮುಂದೂಡಿಕೆಯೂ ಒಂದೇ ಅಲ್ಲ. ಒಂದು ದಿನದ ಮಟ್ಟಿಗೆ ಓದು ಮುಂದೂಡಿದರೆ ಅದು ವಿರಾಮ. ಮುಖರ್ಜಿ ನಗರದಲ್ಲಿ ನಡೆಯುತ್ತಿರುವುದು ಅದರ ಉಲ್ಟಾ. ಅಲ್ಲಿ ಓದನ್ನು ಯಾರೂ ಮುಂದೂಡುವುದಿಲ್ಲ. ನಿದ್ದೆ, ಊಟ, ಗೆಳೆತನ, ಊರಿಗೊಂದು ಫೋನು, ಇವೆಲ್ಲ ‘ಸೆಲೆಕ್ಷನ್ ಆದಮೇಲೆ’. ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬರುವ ಪರೀಕ್ಷೆಯಲ್ಲಿ ಸಿಗುವ ಹುದ್ದೆಗಳು ಸುಮಾರು ಸಾವಿರ. ಉಳಿದವರಿಗೆ ಆ ‘ಆದಮೇಲೆ’ ಬರುವುದೇ ಇಲ್ಲ, ಮುಂದೂಡಿದ ವರ್ಷಗಳು ಮಾತ್ರ ಹೋಗಿರುತ್ತವೆ. 2023ರ ಜೂನ್ 15ರಂದು ಅಲ್ಲಿನ ಕೋಚಿಂಗ್ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಾಗ ಮಕ್ಕಳು ಕಿಟಕಿಯಿಂದ ಹಗ್ಗ ಹಿಡಿದು ಇಳಿದದ್ದನ್ನು ಟಿವಿಯಲ್ಲಿ ನೋಡಿ ಎಷ್ಟು ತಂದೆತಾಯಿಯರ ಎದೆ ಒಡೆಯಿತೋ! ಎಷ್ಟು ಇಕ್ಕಟ್ಟಿನಲ್ಲಿ ಅವರು ದಿನ ಕಳೆಯುತ್ತಾರೆಂದು ಅವತ್ತು ದೇಶಕ್ಕೆಲ್ಲ ಗೊತ್ತಾಯಿತು.

ಆದ್ದರಿಂದ, ಮಿತ್ರರೇ, ಒಂದು ಕೋರಿಕೆ. ನಮ್ಮ ಪೈಕಿ ಅನೇಕರಿಗೆ ಊರ ಕಡೆಯ ಅಣ್ಣನ ಮಗನೋ, ಗೆಳತಿಯ ಮಗಳೋ, ಪಕ್ಕದ ಮನೆಯವರ ಹುಡುಗನೋ ಮುಖರ್ಜಿ ನಗರದಲ್ಲೋ ರಾಜೇಂದರ್ ನಗರದಲ್ಲೋ ಓದುತ್ತಿರುತ್ತಾರೆ. ಈ ಶನಿವಾರ ಫೋನು ಮಾಡಿ ಊಟಕ್ಕೆ ಕರೆಯಿರಿ. ಬೆಳಿಗ್ಗೆಯೇ ಬರಹೇಳಿ, ಜೊತೆಗೆ ಒಂದು ಸುತ್ತು ನಡೆಯಿರಿ. ಮಾವಿನಕಾಯಿ ಹೆಚ್ಚುವ ಕೆಲಸ ಅವರಿಗೇ ಕೊಡಿ. ಊಟವಾದಮೇಲೆ ಚಾಪೆ ಹಾಸಿ, ಫ್ಯಾನ್ ಜೋರು ಮಾಡಿ. ಪರೀಕ್ಷೆಯ ಸುದ್ದಿ ಮಾತ್ರ ಎತ್ತಬೇಡಿ.

ಅದನ್ನು ಸೋಮವಾರ ನೋಡಿಕೊಂಡರಾಯಿತು.