ಕನಿಕರ ಮೊದಲು, ಕಟುಮಾತು ಆಮೇಲೆ

ನವನಗರದ ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಮೊಸರಿಲ್ಲದೆ ಊಟವೂ ಮುಗಿಯುವುದಿಲ್ಲ. ಮೊಸರೂ ಹಿಂಸೆಯೆಂದು ವೀಗನ್ ಹೋರಾಟಗಾರರು ಕೂಗಿದರೆ ನಮ್ಮ ಮಂದಿ ಬಾಗಿಲು ಹಾಕಿಕೊಳ್ಳುತ್ತಾರೆ.

ಪ್ರಾಣಿಹಿಂಸೆ ಬೇಡವೆಂಬ ವಾದ ಈ ಸೀಮೆಗೆ ಹೊಸದಲ್ಲ. 12ನೇ ಶತಮಾನದಲ್ಲೇ ಬಸವಣ್ಣನವರು, ಹಬ್ಬಕ್ಕೆ ತಂದ ಕುರಿ ತೋರಣದ ತಳಿರು ಮೇಯುವುದನ್ನು ವಚನದಲ್ಲಿ ತೋರಿಸಿ, ಬಳಿಕವಷ್ಟೇ ಕೊಂದವರನ್ನು ಪ್ರಶ್ನಿಸಿದರು. 1959ರ ಕಾಯ್ದೆ ದೇವಸ್ಥಾನಗಳಲ್ಲಿ ಪ್ರಾಣಿಬಲಿ ನಿಷೇಧಿಸಿತು. ಪೊಲೀಸರು ನಿಂತಲ್ಲಿ ಬಲಿ ಎಷ್ಟೋ ಸಲ ಹೊಲಕ್ಕೆ ಸರಿಯಿತು, ನಿಲ್ಲಲಿಲ್ಲ.

ಬಾದಾಮಿ ಬನಶಂಕರಿಯ ದಾರಿ ಬೇರೆ. ಪಲ್ಯದ ಹಬ್ಬಕ್ಕೆ ದೇವಿಗೆ 108 ಬಗೆಯ ತರಕಾರಿ ಅಡುಗೆಯ ನೈವೇದ್ಯ. ಗುಡಿಯೆದುರು ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ ಬಡಿಸಿ, ಮೊಸರಿನ ಕುಡಿಕೆ ಮುಂದಿಡುತ್ತಾರೆ. ಹೋರಾಟಗಾರರೇ, ಆ ಕುಡಿಕೆ ಒಲ್ಲೆನೆನ್ನಿ; ಬಡಿಸಿದವಳನ್ನು ಬೈಯಬೇಡಿ.