ಅಡ್ಯಾರ್ ಅಳಿವೆಯವರೆಗೆ

ಮದ್ರಾಸಿನ ಕಡಲತೀರದಲ್ಲಿ ಆಮೆಗಳ ಕಾವಲು ಆರಂಭವಾದದ್ದು 1970ರ ದಶಕದಲ್ಲಿ. ರೋಮುಲಸ್ ವಿಟೇಕರ್ ಹಾಗೂ ಹಾವು ಉದ್ಯಾನದ ಒಡನಾಡಿಗಳು ರಾತ್ರಿಯಿಡೀ ನಡೆದು, ಮೊಟ್ಟೆಗಳ್ಳರಿಗಿಂತ ಮೊದಲೇ ಆಲಿವ್ ರಿಡ್ಲಿ ಆಮೆಯ ಗೂಡನ್ನು ತಲುಪಿ, ಮೊಟ್ಟೆಗಳನ್ನು ಬೇಲಿ ಕಟ್ಟಿದ ಮರಳಿಗೆ ಸಾಗಿಸುತ್ತಿದ್ದರು. 1988ರಲ್ಲಿ ವಿದ್ಯಾರ್ಥಿಗಳ ಬಳಗವೊಂದು ಈ ಹೊಣೆಯನ್ನು ಹೊತ್ತಿತು.

ಜನವರಿಯಿಂದ ಮಾರ್ಚಿಯವರೆಗೆ ನೀಲಾಂಕರೈಯಿಂದ ಹೊರಡುವ ಸ್ವಯಂಸೇವಕರು ಅಡ್ಯಾರ್ ಅಳಿವೆಯ ಕಡೆಗೆ ನಡೆಯುತ್ತಾರೆ. ಬೆಳಕು ಹರಿದಾಗ ಆ ಅಳಿವೆಯ ಕೆಸರಿನಲ್ಲಿ, ಉತ್ತರದ ಚಳಿಗೆ ಬೆನ್ನು ತಿರುಗಿಸಿ ಬಂದ ಗೊರವಹಕ್ಕಿಗಳು ಹುಳು ಹೆಕ್ಕುತ್ತಿರುತ್ತವೆ. ಏಡಿಗಳು ಬಿಲ ಸೇರುತ್ತವೆ. ಆಮೆಗೂ ಹಕ್ಕಿಗೂ ಬೇಕಾದದ್ದು ಒಂದೇ: ಯಾರೂ ಕಲಕದ ದಡ.

ಕಡಲ ಹೊಳಪನ್ನರಸುವ ಮರಿಗಳು ಇಂದು ಬೀದಿದೀಪಗಳತ್ತ ತೆವಳುತ್ತವೆ. ಅರ್ಧ ಶತಮಾನದ ಈ ನಡಿಗೆ ಕಲಿಸಿದ್ದಿಷ್ಟು: ಮೊಟ್ಟೆಯನ್ನು ಹೊತ್ತೊಯ್ದು ಉಳಿಸಬಹುದು, ದಡವನ್ನು ಇದ್ದಲ್ಲಿಯೇ ಉಳಿಸಬೇಕು.